ಪಂಚಗಣಿಯ ವಿದ್ಯಾರ್ಥಿ ಫ್ರೆಡ್ಡಿ ಮರ್ಕ್ಯುರಿ

ಕಳೆದ ಚಳಿಗಾಲದಲ್ಲಿ ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಗಳೊಡನೆ ನಾವು ಮಹಾಬಳೇಶ್ವರಕ್ಕೆ ಪ್ರವಾಸ ಹೋಗಿದ್ದೆವು. ಆ ಪ್ರವಾಸದಲ್ಲಿ ನನ್ನದೇ ಆದ ಒಂದು ಆಸೆಯೂ ಅಡಗಿದ್ದಿತು. ನನ್ನ ಹುಟ್ಟೂರು ಜಮಖಂಡಿ ಸೀಮೆಯಲ್ಲಿ ಕೃಷ್ಣಾ ನದಿಯ ದಂಡೆಯ ಮೇಲಿನ ಒಂದು ಹಳ್ಳಿ. ಬಾಲ್ಯದಲ್ಲಿ ಈಜಿದ, ಕುಡಿದ ಆ ನೀರು ಎಲ್ಲಿ ಹುಟ್ಟುವುದೆಂಬುದನ್ನು ಕಣ್ಣಾರೆ ಕಾಣಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆನು. ಅಲ್ಲಿಯ ಗುಡಿಯಲ್ಲಿ ಕಲ್ಲಿನ ಗೋಮುಖದಿಂದ ಸಣ್ಣಗೆ ಸುರಿಯುವ ಧಾರೆಯನ್ನು ಕಂಡಾಗ, ನಮ್ಮೂರಿನ ಅಗಲವಾದ ಹೊಳೆ ಇದೇ ಎಂದು ನಂಬುವುದು ಕಷ್ಟವಾಯಿತು.

ಮರಳುವಾಗ ನಮ್ಮ ಬಸ್ಸು ಪಂಚಗಣಿಯಲ್ಲಿ ನಿಂತಿತು. ಬಸ್ಸಿನ ಚಾಲಕನು ಸೇಂಟ್ ಪೀಟರ್ಸ್ ಎಂಬ ಹಳೆಯ ಶಾಲೆಯ ಕಡೆಗೆ ಕೈ ತೋರಿ, ಜಗತ್ತಿಗೆಲ್ಲ ಹೆಸರಾದ ಒಬ್ಬ ಹಾಡುಗಾರನು ಅಲ್ಲಿ ಓದಿದನೆಂದು ತಿಳಿಸಿದನು. ಹುಡುಗರಲ್ಲಿ ಕೆಲವರಿಗೆ ಫ್ರೆಡ್ಡಿ ಮರ್ಕ್ಯುರಿ ಎಂಬ ಹೆಸರು ಗೊತ್ತಿದ್ದಿತು. ಅವರಲ್ಲೊಬ್ಬನು, ಆತನು ನಮ್ಮವನೋ ಪರದೇಶದವನೋ ಎಂದು ನನ್ನನ್ನು ಕೇಳಿದನು. ಈ ಪ್ರಶ್ನೆ ಕೇಳಿದ ಹುಡುಗನ ತಂದೆ ಕಲಬುರ್ಗಿಯ ಕಡೆಯಿಂದ ದುಡಿಮೆಗಾಗಿ ಮುಂಬಯಿಗೆ ಬಂದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ತಾನು ಯಾವ ಊರಿನವನೆಂಬ ಪ್ರಶ್ನೆಯನ್ನು ಆ ಹುಡುಗನೂ ದಿನವೂ ಎದುರಿಸುತ್ತಾನೆ. ಅಂದು ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಊರಿಗೆ ಬಂದ ಮೇಲೆ ಆ ಗಾಯಕನ ಜೀವನವೃತ್ತಾಂತವನ್ನು ಓದಿ ತಿಳಿದುಕೊಂಡೆನು. ವಿದ್ಯಾರ್ಥಿಗಳೇ, ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆಫ್ರಿಕಾ ಖಂಡದ ಪೂರ್ವ ಕರಾವಳಿಗೆ ಸಮೀಪದಲ್ಲಿ ಜಾಂಜಿಬಾರ್ ಎಂಬ ದ್ವೀಪವಿದೆ. ಲವಂಗದ ಬೆಳೆಗೆ ಅದು ಬಹುಕಾಲದಿಂದ ಹೆಸರಾದುದು. ಆ ದ್ವೀಪವು ಬ್ರಿಟಿಷರ ರಕ್ಷಣೆಯಲ್ಲಿದ್ದ ಕಾಲದಲ್ಲಿ ಬೋಮಿ ಬುಲ್ಸಾರಾ ಎಂಬ ಪಾರಸಿ ಗೃಹಸ್ಥನು ಅಲ್ಲಿಯ ಉಚ್ಚ ನ್ಯಾಯಾಲಯದಲ್ಲಿ ಖಜಾಂಚಿಯಾಗಿದ್ದನು. ಈ ಮನೆತನದ ಮೂಲ ಗುಜರಾತ. ನಮ್ಮ ಮುಂಬಯಿಯಿಂದ ಸೂರತ್ತಿಗೆ ಹೋಗುವ ರೈಲುದಾರಿಯಲ್ಲಿ ವಲಸಾಡ ಎಂಬ ನಿಲ್ದಾಣ ಬರುವುದಷ್ಟೆ? ಆ ಊರಿನ ಹಳೆಯ ಹೆಸರು ಬುಲ್ಸಾರ್. ಬುಲ್ಸಾರಾ ಎಂಬ ಅಡ್ಡಹೆಸರು ಬಂದುದು ಅಲ್ಲಿಂದಲೇ. ಬೋಮಿ ಮತ್ತು ಜೇರ್ ದಂಪತಿಗಳಿಗೆ 1946ರ ಸೆಪ್ಟೆಂಬರ್ 5ರಂದು ಚೊಚ್ಚಲ ಮಗನು ಹುಟ್ಟಿದನು. ಮಗುವಿಗೆ ಫಾರೂಖ್ ಎಂದು ಹೆಸರಿಟ್ಟರು. ನಾವು ಈಗ ಶಿಕ್ಷಕರ ದಿನವೆಂದು ಆಚರಿಸುವ ದಿನವೇ ಈ ಬಾಲಕನ ಜನ್ಮದಿನ. ಮುಂದೆ 1952ರಲ್ಲಿ ಕಾಶ್ಮೀರಾ ಎಂಬ ತಂಗಿ ಹುಟ್ಟಿದಳು.

ಮಗನಿಗೆ ಒಳ್ಳೆಯ ವಿದ್ಯೆ ದೊರೆಯಬೇಕೆಂಬುದು ತಂದೆತಾಯಿಗಳ ಬಯಕೆ. ಅದಕ್ಕಾಗಿ ಅವರು ಎಂಟು ವರ್ಷದ ಬಾಲಕನನ್ನು ಸಮುದ್ರದಾಚೆಯ ಭಾರತಕ್ಕೆ ಕಳುಹಿಸಿದರು. 1955ರಲ್ಲಿ ಆತನು ಪಂಚಗಣಿಯ ವಸತಿಶಾಲೆಯನ್ನು ಸೇರಿದನು. ಎಂಟು ವರ್ಷದ ಮಗು ತಾಯಿಯನ್ನು ಬಿಟ್ಟು ಬೇರೊಂದು ಖಂಡದಲ್ಲಿ ಮಲಗಿ ಏಳುವುದೆಂದರೇನೆಂಬುದನ್ನು ವಸತಿಗೃಹದಲ್ಲಿ ಇದ್ದು ಓದಿದವರು ಮಾತ್ರ ಬಲ್ಲರು. ಜಾಂಜಿಬಾರಿಗೆ ಪದೇ ಪದೇ ಹೋಗಿಬರುವುದು ಆಗದ ಮಾತು. ಆದುದರಿಂದ ಎಷ್ಟೋ ರಜೆಗಳನ್ನು ಆತನು ಮುಂಬಯಿಯಲ್ಲಿ ಅಜ್ಜಿ ಮತ್ತು ಅತ್ತೆಯರ ಮನೆಯಲ್ಲಿ ಕಳೆದನು.

ಪಂಚಗಣಿಯ ಶಾಲೆಯಲ್ಲಿ ಗೆಳೆಯರು ಆತನನ್ನು ಫ್ರೆಡ್ಡಿ ಎಂದು ಕರೆಯಲಾರಂಭಿಸಿದರು. ಆ ಹೆಸರೇ ನಿಂತಿತು. ಆಟಗಳಲ್ಲಿ ಟೇಬಲ್ ಟೆನಿಸ್ ಆತನಿಗೆ ಬಹು ಪ್ರಿಯವಾಗಿದ್ದಿತು. ಚಿತ್ರ ಬರೆಯುವುದರಲ್ಲಿ ಕೈ ಚುರುಕಾಗಿದ್ದಿತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಸಂಗೀತದ ಒಲವು ಎದ್ದು ಕಾಣುತ್ತಿದ್ದಿತು. ಶಾಲೆಯವರು ಇದನ್ನು ಗಮನಿಸಿ, ಹೆಚ್ಚಿನ ಶುಲ್ಕ ತೆತ್ತರೆ ಹುಡುಗನಿಗೆ ಪಿಯಾನೋ ಕಲಿಸುವೆವೆಂದು ಜಾಂಜಿಬಾರಿಗೆ ಪತ್ರ ಬರೆದರು. ತಂದೆತಾಯಿಗಳು ಒಪ್ಪಿದರು. ಫ್ರೆಡ್ಡಿಯು ಪಿಯಾನೋ ವಾದನದಲ್ಲಿ ನಾಲ್ಕನೆಯ ದರ್ಜೆಯವರೆಗಿನ ಪರೀಕ್ಷೆಗಳನ್ನು ಮುಗಿಸಿದನು. ಶಾಲೆಯಿಂದ ಹೋದ ಆ ಒಂದು ಪತ್ರದ ಬೆಲೆ ಎಷ್ಟೆಂದು ಶಿಕ್ಷಕರಾದ ನಾವು ಆಗಾಗ ನೆನೆಯಬೇಕು.

1958ರಲ್ಲಿ ಐವರು ಹುಡುಗರು ಕೂಡಿ ಶಾಲೆಯಲ್ಲಿಯೇ ಒಂದು ಸಂಗೀತದ ತಂಡವನ್ನು ಕಟ್ಟಿದರು. ಅದಕ್ಕೆ ದಿ ಹೆಕ್ಟಿಕ್ಸ್ ಎಂದು ಹೆಸರು. ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಮೊದಲಾದವರು ಹಾಡಿದ ಅಂದಿನ ಹೊಸ ಹಾಡುಗಳನ್ನು ಶಾಲೆಯ ಸಮಾರಂಭಗಳಲ್ಲಿ ಅವರು ನುಡಿಸುತ್ತಿದ್ದರು. ಇಲ್ಲಿ ಒಂದು ಸಂಗತಿ ಸೋಜಿಗವೆನಿಸುತ್ತದೆ. ಮುಂದೆ ಲೋಕದ ಶ್ರೇಷ್ಠ ಗಾಯಕರಲ್ಲೊಬ್ಬನೆನಿಸಿದ ಈ ಹುಡುಗನು ಆ ತಂಡದಲ್ಲಿ ಮುಖ್ಯ ಗಾಯಕನಾಗಿರಲಿಲ್ಲ. ಹಾಡುತ್ತಿದ್ದವನು ಮತ್ತೊಬ್ಬ ಗೆಳೆಯ. ಫ್ರೆಡ್ಡಿಯು ಪಿಯಾನೋದ ಮುಂದೆ ಕುಳಿತು ಅವನಿಗೆ ಸಾಥ್ ಕೊಡುತ್ತಿದ್ದನು.

1963ರಲ್ಲಿ ಆತನು ಜಾಂಜಿಬಾರಿಗೆ ಮರಳಿದನು. ಆದರೆ ಮನೆಯ ಸುಖ ಬಹುಕಾಲ ಉಳಿಯಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ದ್ವೀಪವು ಸ್ವತಂತ್ರವಾಯಿತು. ಸುಮಾರು ಒಂದು ತಿಂಗಳು ಕಳೆದ ಮೇಲೆ, 1964ರ ಜನವರಿ 12ರಂದು, ಅಲ್ಲಿ ಕ್ರಾಂತಿಯೆದ್ದಿತು. ಸುಲ್ತಾನನು ಪಲಾಯನ ಮಾಡಿದನು. ಅರಬರೂ ಭಾರತೀಯರೂ ಸಾವಿರಾರು ಸಂಖ್ಯೆಯಲ್ಲಿ ಕೊಲೆಗೀಡಾದರು. ಬುಲ್ಸಾರಾ ಕುಟುಂಬವು ಮನೆ, ನೌಕರಿ ಎಲ್ಲವನ್ನೂ ಬಿಟ್ಟು ಇಂಗ್ಲೆಂಡಿಗೆ ಹೊರಟುಹೋಯಿತು. ಲಂಡನ್ನಿನ ಹೊರವಲಯದ ಫೆಲ್ತಮ್ ಎಂಬಲ್ಲಿ, ಹೀಥ್ರೂ ವಿಮಾನ ನಿಲ್ದಾಣಕ್ಕೆ ಸಮೀಪದಲ್ಲಿ, ಅವರು ಮನೆ ಮಾಡಿದರು. ಆಗ ಫ್ರೆಡ್ಡಿಗೆ ಹದಿನೇಳು ವರ್ಷ. ಎರಡನೆಯ ಸಲ ಆತನು ಗುರುತಿಲ್ಲದ ನಾಡಿನಲ್ಲಿ ಹೊಸಬನಾದನು.

ಇಂಗ್ಲೆಂಡಿನಲ್ಲಿ ಆತನು ಕಲಾಶಾಲೆಯನ್ನು ಸೇರಬಯಸಿದನು. ಮೊದಲು ಐಲ್‌ವರ್ತಿನ ಪಾಲಿಟೆಕ್ನಿಕ್ಕಿನಲ್ಲಿ ಓದಿ, 1966ರಲ್ಲಿ ಈಲಿಂಗ್ ಕಲಾ ವಿದ್ಯಾಲಯಕ್ಕೆ ಪ್ರವೇಶ ಪಡೆದು, 1969ರಲ್ಲಿ ರೇಖಾಚಿತ್ರ ಮತ್ತು ವಿನ್ಯಾಸದ ಡಿಪ್ಲೋಮಾ ಪಡೆದನು. ಆ ವಿದ್ಯಾಲಯದಲ್ಲಿ ಟಿಮ್ ಸ್ಟಾಫೆಲ್ ಎಂಬ ಸಹಪಾಠಿಯ ಸ್ನೇಹವಾಯಿತು. ಅವನು ಸ್ಮೈಲ್ ಎಂಬ ಒಂದು ತಂಡದ ಗಾಯಕ. ಅದರಲ್ಲಿ ಗಿಟಾರು ನುಡಿಸುತ್ತಿದ್ದವನು ಬ್ರಯಾನ್ ಮೇ. ಡ್ರಮ್ ಬಾರಿಸುತ್ತಿದ್ದವನು ರಾಜರ್ ಟೇಲರ್. ಫ್ರೆಡ್ಡಿಯು ಅವರ ಕಾರ್ಯಕ್ರಮಗಳಿಗೆಲ್ಲ ಹೋಗುವನು. ಅವರು ಏನು ತೊಡಬೇಕು, ವೇದಿಕೆಯ ಮೇಲೆ ಹೇಗೆ ನಿಲ್ಲಬೇಕು ಎಂದು ಸಲಹೆ ಕೊಡುವನು. ಹೊಟ್ಟೆಪಾಡಿಗಾಗಿ ಟೇಲರನೊಡನೆ ಕೆನ್ಸಿಂಗ್‌ಟನ್ ಮಾರುಕಟ್ಟೆಯಲ್ಲಿ ಒಂದು ಸಣ್ಣ ಅಂಗಡಿಯಿಟ್ಟು ಹಳೆಯ ಉಡುಪುಗಳನ್ನು ಮಾರಿದನು. ಬೇರೆ ಬೇರೆ ತಂಡಗಳಲ್ಲಿ ಗಾಯಕನಾಗಿ ನಿಂತು ಅನುಭವ ಪಡೆದನು; ಅವಾವುವೂ ಬಹುಕಾಲ ಬಾಳಲಿಲ್ಲ.

1970ರಲ್ಲಿ ಸ್ಟಾಫೆಲ್ ತಂಡವನ್ನು ಬಿಟ್ಟನು. ಮೇ ಮತ್ತು ಟೇಲರ್ ಇಬ್ಬರೇ ಉಳಿದರು. ಆಗ ಫ್ರೆಡ್ಡಿಯು ಅವರೊಡನೆ ಕೂಡಿಕೊಂಡು, ತಂಡಕ್ಕೆ ಕ್ವೀನ್, ಎಂದರೆ ರಾಣಿ, ಎಂಬ ಹೆಸರನ್ನು ಸೂಚಿಸಿದನು. ಉಳಿದಿಬ್ಬರು ಹಿಂದುಮುಂದು ನೋಡಿದರೂ ಆತನು ಪಟ್ಟು ಬಿಡಲಿಲ್ಲ. ಅದೇ ಕಾಲಕ್ಕೆ ತನ್ನ ಅಡ್ಡಹೆಸರನ್ನೂ ಬದಲಿಸಿ ಮರ್ಕ್ಯುರಿ ಎಂದು ಇಟ್ಟುಕೊಂಡನು. ತಂಡಕ್ಕಾಗಿ ಒಂದು ರಾಜಲಾಂಛನವನ್ನು ತಾನೇ ಬರೆದನು. ನಾಲ್ವರ ಜನ್ಮರಾಶಿಗಳಿಗೆ ಅನುಸಾರವಾಗಿ ಅದರಲ್ಲಿ ಎರಡು ಸಿಂಹಗಳು, ಒಂದು ಏಡಿ ಮತ್ತು ಇಬ್ಬರು ಯಕ್ಷಿಣಿಯರಿದ್ದಾರೆ. ಕಲಾಶಾಲೆಯ ವಿದ್ಯೆ ವ್ಯರ್ಥವಾಗಲಿಲ್ಲ.

ಈ ನಾಲ್ವರು ಯಾರೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ರಾಕ್ ಸಂಗೀತದವರೆಂದರೆ ಓದು ಬರಹ ಬಿಟ್ಟವರೆಂಬ ತಿಳುವಳಿಕೆ ನಮ್ಮಲ್ಲಿ ಉಂಟು. ಬ್ರಯಾನ್ ಮೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ, ಆಕಾಶದಲ್ಲಿ ಗ್ರಹಗಳ ನಡುವೆ ಹರಡಿರುವ ಧೂಳಿನ ಮೇಲೆ ಸಂಶೋಧನೆ ನಡೆಸಿದ್ದನು. ಖರ್ಚಿಗಾಗಿ ಕೆಲಕಾಲ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸಿದನು. ಗಿಟಾರು ಕೊಳ್ಳಲು ಹಣವಿಲ್ಲದ ಕಾರಣ ಬಾಲಕನಾಗಿದ್ದಾಗಲೇ ತಂದೆಯೊಡನೆ ಕುಳಿತು, ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಕಟ್ಟಿಗೆಯಿಂದಲೂ ಮೋಟಾರ್ ಸೈಕಲ್ಲಿನ ಸ್ಪ್ರಿಂಗುಗಳಿಂದಲೂ ತನ್ನ ಗಿಟಾರನ್ನು ತಾನೇ ಮಾಡಿಕೊಂಡಿದ್ದನು. ಮುಂದೆಯೂ ಆ ವಾದ್ಯವನ್ನೇ ನುಡಿಸುತ್ತ ಬಂದನು. ಟೇಲರ್ ದಂತವೈದ್ಯಶಾಸ್ತ್ರವನ್ನು ಓದುತ್ತಿದ್ದು ಅದನ್ನು ಬಿಟ್ಟು ಜೀವಶಾಸ್ತ್ರದಲ್ಲಿ ಪದವಿ ಪಡೆದನು. ಮಂದ್ರಸ್ವರದ ಬೇಸ್ ಗಿಟಾರಿಗಾಗಿ ಮೂವರನ್ನು ಪರೀಕ್ಷಿಸಿ ಬಿಟ್ಟಾದ ಮೇಲೆ 1971ರಲ್ಲಿ ಜಾನ್ ಡೀಕನ್ ಬಂದನು. ಅವನು ವಿದ್ಯುನ್ಮಾನ ಶಾಸ್ತ್ರದ ವಿದ್ಯಾರ್ಥಿ, ಮಿತಭಾಷಿ. ಯಾರೋ ಕಸಕ್ಕೆ ಬಿಸುಟ ವಿದ್ಯುತ್ಫಲಕವೊಂದರಿಂದ ಅವನು ಕಟ್ಟಿದ ಸಣ್ಣ ಧ್ವನಿವರ್ಧಕವು ಮುಂದೆ ತಂಡದ ಅನೇಕ ಮುದ್ರಿಕೆಗಳಲ್ಲಿ ಉಪಯೋಗಕ್ಕೆ ಬಂದಿತು. ಹೀಗೆ ನಾಲ್ವರು ಕೂಡಿದ ಮೇಲೆ ಇಪ್ಪತ್ತು ವರ್ಷಗಳವರೆಗೆ, ಫ್ರೆಡ್ಡಿಯ ಮರಣದವರೆಗೂ, ಒಬ್ಬನೂ ತಂಡವನ್ನು ಬಿಟ್ಟುಹೋಗಲಿಲ್ಲ.

ಆದರೆ ಆರಂಭದ ವರ್ಷಗಳು ಬಹು ಕಷ್ಟದವು. ಅವರನ್ನು ಒಪ್ಪಂದಕ್ಕೆ ತೆಗೆದುಕೊಂಡ ಸಂಸ್ಥೆಯು, ಹಣ ಕೊಡುವ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಮಾತ್ರ ಧ್ವನಿಮುದ್ರಣಾಲಯವನ್ನು ಬಿಟ್ಟುಕೊಡುತ್ತಿದ್ದಿತು. ಆದುದರಿಂದ ಎಷ್ಟೋ ಸಲ ನಡುರಾತ್ರಿಯಿಂದ ಬೆಳಗಿನವರೆಗೆ ಹಾಡಿ ನುಡಿಸಿ ಮೊದಲನೆಯ ಆಲ್ಬಮ್ಮನ್ನು ಸಿದ್ಧಪಡಿಸಿದರು. ಅದು 1973ರ ಜುಲೈಯಲ್ಲಿ ಹೊರಬಂದಿತು; ಹೆಚ್ಚು ಮಾರಾಟವಾಗಲಿಲ್ಲ. ಪತ್ರಿಕೆಯವರಲ್ಲಿ ಕೆಲವರು ಹೀಯಾಳಿಸಿದರು. 1974ರಲ್ಲಿ ಅಮೇರಿಕೆಗೆ ಹೋದಾಗ ಬ್ರಯಾನ್ ಮೇಗೆ ಕಾಮಾಲೆಯಾಗಿ ಪ್ರವಾಸವನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಅದೇ ವರ್ಷದ ಕೊನೆಗೆ ಫ್ರೆಡ್ಡಿ ರಚಿಸಿದ ‘ಕಿಲ್ಲರ್ ಕ್ವೀನ್’ ಎಂಬ ಹಾಡು ಇಂಗ್ಲೆಂಡಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. 1975ರ ಏಪ್ರಿಲಿನಲ್ಲಿ ಜಪಾನಿಗೆ ಹೋದಾಗ ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ ಅವರನ್ನು ಎದುರ್ಗೊಂಡರು. ಹೊರಗೆ ಇಷ್ಟೊಂದು ಕೀರ್ತಿ. ಒಳಗೆ ನೋಡಿದರೆ ವಾರಕ್ಕೆ ಅರವತ್ತು ಪೌಂಡು ಸಂಬಳ. ಮದುವೆಯಾದ ಡೀಕನ್ ಮನೆಗಾಗಿ ಮುಂಗಡ ಹಣ ಕೇಳಿದರೆ ಅದೂ ದೊರೆಯಲಿಲ್ಲ. ಆ ಒಪ್ಪಂದದಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಅವರ ಕೈ ಬರಿದಾಗಿದ್ದಿತು. ಮುಂದಿನ ಆಲ್ಬಮ್ ಗೆಲ್ಲದಿದ್ದರೆ ತಂಡವೇ ಒಡೆದುಹೋಗುವ ಸ್ಥಿತಿ.

ಈ ಸಂಕಟದಲ್ಲಿ ಅವರು ಕೈಗೊಂಡ ಕಾರ್ಯವೆಂದರೆ ‘ಬೊಹೀಮಿಯನ್ ರಾಪ್ಸೊಡಿ’ ಎಂಬ ಹಾಡು. ಫ್ರೆಡ್ಡಿಯು ಇದನ್ನು ತನ್ನ ಮನಸ್ಸಿನಲ್ಲಿ ಬಹುಕಾಲ ಕಟ್ಟಿಕೊಂಡಿದ್ದನು. ಪಂಚಗಣಿಯಲ್ಲಿ ಕಲಿತ ಪಿಯಾನೋದಿಂದ ಮೆಲ್ಲನೆ ಆರಂಭವಾಗಿ, ನಡುವೆ ಇಟಲಿ ದೇಶದ ಸಂಗೀತನಾಟಕದ ರೀತಿಯಲ್ಲಿ ಹಲವು ಕಂಠಗಳ ಮೇಳವಾಗಿ, ಬಳಿಕ ಬಿರುಸಾದ ರಾಕ್ ಸಂಗೀತವಾಗಿ, ಕಡೆಗೆ ಮತ್ತೆ ಮೆಲ್ಲನೆ ನಿಲ್ಲುವ ಹಾಡು ಇದು. ಕೇಳುವವರಿಗೆ ನೂರು ಜನರ ಗೋಷ್ಠಿಯೆಂದು ತೋರುವುದು. ಹಾಡಿದವರು ಫ್ರೆಡ್ಡಿ, ಮೇ, ಟೇಲರ್ ಮೂವರೇ. ದಿನಕ್ಕೆ ಹತ್ತು ಹನ್ನೆರಡು ತಾಸು ಹಾಡಿ, ಒಂದು ಧ್ವನಿಯ ಮೇಲೆ ಇನ್ನೊಂದನ್ನು ಸೇರಿಸುತ್ತ ಹೋದರು. ಆ ಕಾಲದಲ್ಲಿ ಗಣಕಯಂತ್ರದ ಸಹಾಯವಿರಲಿಲ್ಲ. ಧ್ವನಿಯನ್ನು ಹಿಡಿಯುವ ಪಟ್ಟಿಯನ್ನು ಯಂತ್ರದಲ್ಲಿ ಮತ್ತೆ ಮತ್ತೆ ಓಡಿಸಿದ್ದರಿಂದ ಅದು ಸವೆದು, ಅದರ ಮೂಲಕ ಬೆಳಕು ಕಾಣಿಸುವಷ್ಟು ತೆಳ್ಳಗಾಯಿತಂತೆ. ಈ ಒಂದು ಹಾಡಿಗೆ ಸುಮಾರು ಮೂರು ವಾರಗಳು ಹಿಡಿದವು.

ಹಾಡಿನ ಅವಧಿ ಆರು ನಿಮಿಷಕ್ಕೆ ಐದು ಸೆಕೆಂಡು ಕಡಿಮೆ. ಮೂರು ನಿಮಿಷದ ಹಾಡುಗಳಿಗೆ ಒಗ್ಗಿದ ಆಕಾಶವಾಣಿಯವರು ಇದನ್ನು ಹಾಕಲಾರರು, ಕತ್ತರಿಸಬೇಕು ಎಂದು ವ್ಯಾಪಾರ ಬಲ್ಲವರು ವಾದಿಸಿದರು. ತಂಡದವರು ಒಪ್ಪಲಿಲ್ಲ. ಲಂಡನ್ನಿನ ಬಾನುಲಿಯ ನಿರೂಪಕ ಕೆನ್ನಿ ಎವರೆಟ್ ಎಂಬವನು ಮೆಚ್ಚಿಕೊಂಡು ಎರಡೇ ದಿನಗಳಲ್ಲಿ ಹದಿನಾಲ್ಕು ಸಲ ಅದನ್ನು ಕೇಳಿಸಿದನು. 1975ರ ಅಕ್ಟೋಬರ್ 31ರಂದು ಮುದ್ರಿಕೆಯು ಹೊರಬಂದು, ಇಂಗ್ಲೆಂಡಿನ ಪಟ್ಟಿಯಲ್ಲಿ ಒಂಬತ್ತು ವಾರ ಪ್ರಥಮ ಸ್ಥಾನದಲ್ಲಿ ನಿಂತಿತು. ಮರುವರ್ಷ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಅವರ ಗಾಯನವನ್ನು ಕೇಳಲು ಒಂದೂವರೆ ಲಕ್ಷ ಜನ ನೆರೆದರು. 1981ರಲ್ಲಿ ದಕ್ಷಿಣ ಅಮೇರಿಕೆಯ ಮಹಾ ಕ್ರೀಡಾಂಗಣಗಳೂ ತುಂಬಿದವು.

ಇಷ್ಟೆಲ್ಲ ಒಬ್ಬನ ಕಂಠದಿಂದ ಆಯಿತೆಂದು ತಿಳಿಯಬಾರದು. ಕ್ರೀಡಾಂಗಣಗಳಲ್ಲಿ ಜನರು ಕಾಲು ಬಡಿದು ಚಪ್ಪಾಳೆ ಹಾಕಿ ಹಾಡುವ ‘ವಿ ವಿಲ್ ರಾಕ್ ಯೂ’ ಬ್ರಯಾನ್ ಮೇ ಬರೆದುದು. ಅಮೇರಿಕೆಯಲ್ಲಿ ಅಗ್ರಸ್ಥಾನ ಪಡೆದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಮಿತಭಾಷಿ ಡೀಕನ್ನನದು. ‘ರೇಡಿಯೋ ಗಾ ಗಾ’ ಟೇಲರನದು. ಹಾಡು ಯಾರದು, ಹಣ ಯಾರಿಗೆ ಎಂದು ಅವರಲ್ಲಿ ಜಗಳಗಳೂ ಆದವು. ಕಡೆಗೆ 1989ರ ಆಲ್ಬಮ್ಮಿನಿಂದ ಒಂದು ಒಳ್ಳೆಯ ನಿರ್ಣಯ ಮಾಡಿದರು: ಯಾರೇ ರಚಿಸಲಿ, ಹಾಡು ನಾಲ್ವರ ಹೆಸರಿನಲ್ಲಿಯೇ ಪ್ರಕಟವಾಗಬೇಕು. ನಮ್ಮ ವಾರ್ಷಿಕ ಸ್ನೇಹಸಮ್ಮೇಳನದ ನಾಟಕದಲ್ಲಿ ಪಾತ್ರಕ್ಕಾಗಿ ಮುನಿಸಿಕೊಳ್ಳುವ ಗೆಳೆಯರು ಇದನ್ನು ಲಕ್ಷ್ಯದಲ್ಲಿಡಬೇಕು.

ಅವರ ತಪ್ಪನ್ನೂ ಹೇಳದಿದ್ದರೆ ಚರಿತ್ರೆ ಪೂರ್ಣವಾಗದು. ದಕ್ಷಿಣ ಆಫ್ರಿಕಾದಲ್ಲಿ ಕರಿಯರನ್ನು ಬೇರ್ಪಡಿಸಿ ತುಳಿಯುತ್ತಿದ್ದ ಆಡಳಿತವಿದ್ದಾಗ, ಕಲಾವಿದರು ಅಲ್ಲಿಗೆ ಹೋಗಬಾರದೆಂದು ವಿಶ್ವಸಂಸ್ಥೆಯು ಕರೆಯಿತ್ತಿದ್ದಿತು. ಆದರೂ 1984ರಲ್ಲಿ ಕ್ವೀನ್ ತಂಡವು ಅಲ್ಲಿಯ ಸನ್ ಸಿಟಿಯಲ್ಲಿ ಹಾಡಿತು. ಬ್ರಿಟನ್ನಿನ ಸಂಗೀತಗಾರರ ಸಂಘವು ದಂಡ ವಿಧಿಸಿತು. ಆಫ್ರಿಕಾದ ನೆಲದಲ್ಲಿ ಭಾರತೀಯ ಮನೆತನದಲ್ಲಿ ಹುಟ್ಟಿದವನು ಇಂಥಲ್ಲಿ ಹಾಡಿದುದು ನನ್ನ ಮನಸ್ಸಿಗೆ ಇಂದಿಗೂ ಒಪ್ಪುವುದಿಲ್ಲ.

ಮರುವರ್ಷವೇ ಅವರ ಬಾಳಿನ ಉಜ್ವಲ ಘಳಿಗೆ ಬಂದಿತು. ಇಥಿಯೋಪಿಯಾದ ಬರಗಾಲದ ಸಹಾಯಾರ್ಥವಾಗಿ 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಲೈವ್ ಏಡ್ ಎಂಬ ಮಹಾ ಸಂಗೀತ ಸಮಾರಂಭ ಜರುಗಿತು. ಒಂದೊಂದು ತಂಡಕ್ಕೆ ದೊರೆತ ಸಮಯ ಇಪ್ಪತ್ತು ನಿಮಿಷ ಮಾತ್ರ. ಅಷ್ಟು ಅಲ್ಪ ಸಮಯಕ್ಕಾಗಿ ಕ್ವೀನ್ ತಂಡದವರು ಲಂಡನ್ನಿನ ಒಂದು ನಾಟಕಗೃಹದಲ್ಲಿ ಕೆಲವು ದಿನ ಗಡಿಯಾರ ಹಿಡಿದು ತಾಲೀಮು ನಡೆಸಿದರು. ಅಂದು ಬಿಳಿಯ ಬನಿಯನ್ನು ತೊಟ್ಟು ವೇದಿಕೆಗೆ ಓಡಿಬಂದ ಫ್ರೆಡ್ಡಿಯು ಮೊದಲು ಕುಳಿತುದು ಪಿಯಾನೋದ ಮುಂದೆ. ಬಳಿಕ ಎದ್ದು, ತಾನೊಂದು ಆಲಾಪವನ್ನು ಎತ್ತಿಕೊಡುವುದು, ಎಪ್ಪತ್ತು ಸಾವಿರ ಜನ ಅದನ್ನು ತಿರುಗಿ ಹಾಡುವುದು ಹೀಗೆ ನಡೆಯಿತು. ಆ ಇಪ್ಪತ್ತು ನಿಮಿಷಗಳನ್ನು ರಾಕ್ ಸಂಗೀತದ ಅತ್ಯುತ್ತಮ ಪ್ರದರ್ಶನವೆಂದು ಇಂದಿಗೂ ಅನೇಕರು ಎಣಿಸುತ್ತಾರೆ.

ಮುಂದಿನದು ದುಃಖದ ಕಥೆ. 1986ರ ಆಗಸ್ಟ್ 9ರಂದು ನೆಬ್‌ವರ್ತಿನಲ್ಲಿ ನಡೆದುದೇ ನಾಲ್ವರೂ ಕೂಡಿ ನಡೆಸಿದ ಕಡೆಯ ಕಚೇರಿ. 1987ರಲ್ಲಿ ಫ್ರೆಡ್ಡಿಗೆ ಏಡ್ಸ್ ರೋಗವಿರುವುದು ಗೊತ್ತಾಯಿತು. ಇಂದು ಔಷಧಿಗಳ ಬಲದಿಂದ ಆ ರೋಗಾಣುವಿದ್ದವರೂ ಬಹುಕಾಲ ಬಾಳಬಲ್ಲರು. ಅಂದು ಅಂಥ ಔಷಧಿಗಳು ಇರಲಿಲ್ಲ. ರೋಗಕ್ಕಿಂತ ಹೆಚ್ಚಾಗಿ ಸಮಾಜದ ಹಳಿವಿಗೆ ಅಂಜಬೇಕಾದ ಕಾಲವದು. ಪತ್ರಿಕೆಯವರು ಮನೆಯ ಬಾಗಿಲಲ್ಲಿ ಕಾದಿದ್ದರೂ ಒಡನಾಡಿಗಳು ಗುಟ್ಟನ್ನು ಬಿಟ್ಟುಕೊಡಲಿಲ್ಲ. ಆತನ ಸಂಗಾತಿಯಾಗಿದ್ದ ಜಿಮ್ ಹಟ್ಟನ್ ಕೊನೆಯವರೆಗೂ ಹತ್ತಿರವಿದ್ದು ಶುಶ್ರೂಷೆ ಮಾಡಿದನು. ನಿಲ್ಲಲು ಶಕ್ತಿ ಸಾಲದಾದಾಗಲೂ ಫ್ರೆಡ್ಡಿಯು ಸ್ವಿಟ್ಜರ್‌ಲೆಂಡಿನ ಮೋಂಟ್ರೋ ನಗರದ ಮುದ್ರಣಾಲಯಕ್ಕೆ ಹೋಗಿ ಹಾಡಿದನು. ತನ್ನ ಕಂಠ ಉಳಿದಿರುವಷ್ಟು ದಿನ ಮುದ್ರಿಸಿಡಿ, ಮಿಕ್ಕುದನ್ನು ನೀವು ಪೂರ್ತಿಗೊಳಿಸಿ ಎಂಬುದು ಆತನ ಇಚ್ಛೆ. ಕಡೆಯ ಹಾಡಿನ ಕಡೆಯ ನುಡಿಯನ್ನು ಹಾಡಲು ಆತನಿಂದ ಆಗಲಿಲ್ಲ. ಅದನ್ನು ಬ್ರಯಾನ್ ಮೇ ಹಾಡಿ ಮುಗಿಸಿದನು. 1991ರ ನವೆಂಬರ್ 23ರಂದು ತನ್ನ ರೋಗದ ಸಂಗತಿಯನ್ನು ಜಗತ್ತಿಗೆ ತಿಳಿಸಿ, ಮರುದಿನ ಲಂಡನ್ನಿನ ತನ್ನ ಮನೆಯಲ್ಲಿ ಆತನು ತೀರಿಕೊಂಡನು. ಆಗ ಆತನ ವಯಸ್ಸು 45. ಪಾರಸಿ ಪುರೋಹಿತರು ಮಂತ್ರ ಹೇಳಿ ಅಂತ್ಯವಿಧಿಯನ್ನು ನೆರವೇರಿಸಿದರು.

ಉಳಿದ ಮೂವರು 1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ಗೆಳೆಯನ ಸ್ಮರಣಾರ್ಥ ಮಹಾ ಕಚೇರಿ ನಡೆಸಿದರು. ಆತನ ಹೆಸರಿನಲ್ಲಿ ಸ್ಥಾಪಿಸಿದ ನಿಧಿಯು ಏಡ್ಸ್ ನಿವಾರಣೆಯ ಕಾರ್ಯಕ್ಕೆ ಸಹಾಯ ಮಾಡುತ್ತ ಬಂದಿದೆ. ಸಂಗೀತಕ್ಕಾಗಿ ಬದಿಗಿಟ್ಟಿದ್ದ ಪ್ರಬಂಧವನ್ನು ಬ್ರಯಾನ್ ಮೇ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಮುಗಿಸಿ, 2007ರಲ್ಲಿ ಡಾಕ್ಟರೇಟ್ ಪಡೆದನು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಆತನು ನಮ್ಮವನೋ ಪರದೇಶದವನೋ? ಆತನ ಮನೆತನ ಗುಜರಾತದ್ದು, ಜನನ ಜಾಂಜಿಬಾರಿನದು, ಪಿಯಾನೋ ಪಂಚಗಣಿಯದು, ಒಡನಾಡಿಗಳು ಇಂಗ್ಲೆಂಡಿನವರು. ಇವುಗಳಲ್ಲಿ ಒಂದನ್ನು ತೆಗೆದರೂ ಆ ಗಾಯಕನು ಉಳಿಯುವುದಿಲ್ಲ. ಕ್ವೀನ್ ತಂಡದೊಡನೆ ಆತನು ಭಾರತದಲ್ಲಿ ಒಂದು ಕಚೇರಿಯನ್ನೂ ನಡೆಸಲಿಲ್ಲ; ತನ್ನ ಬಾಲ್ಯದ ಮಾತನ್ನು ಆಡಿದುದೂ ಕಡಿಮೆಯೇ. ಊರು ಬಿಟ್ಟುಬಂದವರ ಮಕ್ಕಳಿಗೆ ಹಳೆಯ ಹೆಸರು ಒಮ್ಮೊಮ್ಮೆ ಭಾರವೆನಿಸುವುದುಂಟು. ನಮ್ಮ ಶಾಲೆಯಲ್ಲಿಯೂ ಹೊರಗೆ ತಮ್ಮ ಊರಿನ, ಭಾಷೆಯ ಹೆಸರು ಹೇಳಲು ಹಿಂಜರಿಯುವ ಮಕ್ಕಳನ್ನು ನಾನು ಬಲ್ಲೆನು. ಅವರನ್ನು ನಾನು ಗದರಿಸುವುದಿಲ್ಲ. ಅವರಿಗೆ ಎರಡು ಸಂಗತಿಗಳನ್ನು ಮಾತ್ರ ಹೇಳಬಯಸುತ್ತೇನೆ.

ಒಂದನೆಯದು, ಎರಡು ಸಲ ನೆಲೆ ತಪ್ಪಿದ ಹುಡುಗನಿಗೆ ನೆಲೆಯಾದುದು ಕೂಡಿ ದುಡಿಯುವ ಒಡನಾಡಿಗಳು. ಪಂಚಗಣಿಯಲ್ಲಿ ಐವರಲ್ಲಿ ಒಬ್ಬನಾಗಿ ಸಾಥ್ ಕೊಡುವುದನ್ನು ಕಲಿತುದರಿಂದಲೇ ಲಂಡನ್ನಿನಲ್ಲಿ ನಾಲ್ವರಲ್ಲಿ ಒಬ್ಬನಾಗಿ ನಿಲ್ಲುವುದು ಆತನಿಗೆ ಸಾಧ್ಯವಾಯಿತೆಂದು ನಾನು ತಿಳಿಯುತ್ತೇನೆ. ಎರಡನೆಯದು, 2016ರಲ್ಲಿ ಫೆಲ್ತಮ್ಮಿನ ಆ ಮೊದಲ ಮನೆಯ ಗೋಡೆಗೆ ಒಂದು ನೀಲಿಯ ಸ್ಮಾರಕಫಲಕವನ್ನು ಹಚ್ಚಿದರು. ಅದರ ಮೇಲೆ ಫ್ರೆಡ್ಡಿ ಮರ್ಕ್ಯುರಿ ಎಂಬ ಹೆಸರಿನೊಡನೆ ಬುಲ್ಸಾರಾ ಎಂಬ ಹೆಸರನ್ನೂ ಕೆತ್ತಲಾಗಿದೆ. ಮಹಾಬಳೇಶ್ವರದಲ್ಲಿ ಗೋಮುಖದ ನೀರನ್ನು ಬೊಗಸೆಯಲ್ಲಿ ಹಿಡಿದಾಗ ಅದು ಮಹಾರಾಷ್ಟ್ರದ್ದೋ ಕರ್ನಾಟಕದ್ದೋ ಎಂದು ನಾನು ಕೇಳಲಿಲ್ಲ, ನಮ್ಮೂರಿನದೆಂದೇ ಕುಡಿದೆನು. ಆ ಹುಡುಗನು ಈಗ ಹತ್ತನೆಯ ಇಯತ್ತೆಯಲ್ಲಿದ್ದಾನೆ. ಈ ಸಂಚಿಕೆ ಅವನ ಕೈಸೇರಿದಾಗ ತನ್ನ ಪ್ರಶ್ನೆಗೆ ಉತ್ತರ ಬಂದುದನ್ನು ಕಂಡು ಸಂತೋಷಪಡುವನೆಂದು ನಂಬಿದ್ದೇನೆ.